ಒಂದು ದಿನ ಕಾದಿದ್ದರೆ...

"ಮೇಡಂ, ಅವ್ವನ ಕಾಲು ಕಪ್ಪಾಗ್ತಾ ಐತೆ. ದಮ್ಮಯ್ಯ, ಇವತ್ತೇ ರಿಪೋರ್ಟ್ ಕೊಡಿ!"

ತುಮಕೂರಿನ ಆ ಖಾಸಗಿ ಆಸ್ಪತ್ರೆಯ ಲ್ಯಾಬಿನ ಕಿಟಕಿ ಹಿಡಿದು ನಿಂತಿದ್ದ ರಂಗನಾಥ್. ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಯೂನಿಫಾರಂನಲ್ಲೇ ಓಡಿ ಬಂದಿದ್ದ. ಕಣ್ಣು ತುಂಬಿತ್ತು.

ಟೆಕ್ನಿಶಿಯನ್ ನೇತ್ರಾವತಿಯ ಮುಂದೆ, ಅವನ ತಾಯಿಯ ಗಾಯದ ಕೀವು ಹಚ್ಚಿ ಬೆಳೆಸಿದ್ದ ಪ್ಲೇಟಿತ್ತು. ಎರಡು ಜಾತಿಯ ಬ್ಯಾಕ್ಟೀರಿಯಾ ಒಂದರ ಮೇಲೊಂದು ಬೆಳೆದು ಕೂತಿದ್ದವು. ಬೇರ್ಪಡಿಸಿ ಮತ್ತೆ ಬೆಳೆಸಲು ಇನ್ನೊಂದು ದಿನ ಬೇಕು. ಮಿಷಿನ್ ರೋಗಾಣುವಿನ ಹೆಸರು ಹೇಳುತ್ತದೆ, ನಿಜ. ಆದರೆ ಒಂದೇ ಜಾತಿಯದನ್ನು ಕೊಟ್ಟರೆ ಮಾತ್ರ!

'ಪಾಪ... ಎಷ್ಟು ಒದ್ದಾಡ್ತಿದಾನೆ!'

ಬೆರಕೆಯನ್ನೇ ಮಿಷಿನ್ನಿಗೆ ಕೊಟ್ಟಳು. ಸಂಜೆಗೆ ಅದು ಒಂದು ಹೆಸರು ಹೇಳಿತು. ಇವಳು ಸಹಿ ಹಾಕಿದಳು.

ಆ ಹೆಸರು ನೋಡಿ ಡಾಕ್ಟರು ಕೊಟ್ಟ ಔಷಧಿ ನಾಟಲಿಲ್ಲ. ಅನುಮಾನ ಬಂದು ನೇತ್ರಾವತಿ, ಎತ್ತಿಟ್ಟಿದ್ದ ಪ್ಲೇಟನ್ನು ಸರಿಯಾಗಿ ಬೇರ್ಪಡಿಸಿ ನೋಡಿದಳು. ತಾನು ಬರೆದದ್ದು ಒಂದು, ಕಾಲು ತಿನ್ನುತ್ತಿದ್ದದ್ದು ಇನ್ನೊಂದು!

ಡಾಕ್ಟರ ಬಳಿ ಓಡಿ ಎಲ್ಲ ಹೇಳಿದಳು. ಔಷಧಿ ಬದಲಾಯಿತು. ರಂಗನಾಥನ ತಾಯಿ ಚಿಕ್ಕಮಾರಮ್ಮನ ಕಾಲು ಉಳಿಯಿತು, ಹೆಬ್ಬೆರಳು ಉಳಿಯಲಿಲ್ಲ. ಮನೆಯವರಿಗೆ ಮಾತ್ರ ಔಷಧಿ ಬದಲಾಯಿಸಿದ್ದಷ್ಟೇ ಗೊತ್ತು, ಯಾಕೆಂದು ಗೊತ್ತಿಲ್ಲ.

ಆಮೇಲೆ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ವಾರವಾರವೂ ತಾಯಿಯನ್ನು ಡ್ರೆಸ್ಸಿಂಗಿಗೆ ಕರೆತರುತ್ತಿದ್ದ ರಂಗನಾಥ್, ಲ್ಯಾಬಿನ ಕಿಟಕಿಗೂ ಬರತೊಡಗಿದ. ಒಮ್ಮೆ ಹೊಲದ ಅವರೆಕಾಯಿ, ಒಮ್ಮೆ ಬರೀ ನಗು. 'ಮೇಡಂ' ಹೋಗಿ 'ನೇತ್ರಾ' ಆಯಿತು.

ಆದರೆ ಬಂದಾಗಲೆಲ್ಲ ಅದೇ ಮಾತು. "ಗಾಯ ಆದ ಹೊಸದ್ರಲ್ಲಿ ಡ್ಯೂಟಿ ಅಂತ ಎರಡು ದಿನ ಡ್ರೆಸ್ಸಿಂಗ್ ತಪ್ಪಿಸ್ದೆ. ಅವ್ವನ ಬೆರಳು ಹೋಗಿದ್ದು ನನ್ನಿಂದ್ಲೇ."

ನೇತ್ರಾ ಪ್ಲೇಟುಗಳತ್ತ ತಿರುಗಿಬಿಡುತ್ತಿದ್ದಳು. 'ಹೇಳಿಬಿಡು... ಹೇಳಿದರೆ ಇವನು ಉಳಿಯುತ್ತಾನಾ?'

ಒಂದು ದಿನ ಅವನೇ ಕೇಳಿದ. "ನಿಮ್ಮನೆಗೆ ಬಂದು ಹೆಣ್ಣು ಕೇಳ್ತೀನಿ ಅಂತಾವ್ಳೆ ಅವ್ವ. ನಿಂಗೆ ಒಪ್ಗೇನಾ?"

ಇನ್ನು ತಡೆಯಲಾಗಲಿಲ್ಲ.

"ಬೆರಳು ಹೋಗಿದ್ದು ನಿನ್ನಿಂದ ಅಲ್ಲ ರಂಗ... ನನ್ನಿಂದ!"

ಬೆರಕೆ ಪ್ಲೇಟಿನ ಕಥೆಯನ್ನೆಲ್ಲ ಹೇಳಿ ಅತ್ತಳು. ಅವನು ಹೆಲ್ಮೆಟ್ ಎತ್ತಿಕೊಂಡು ಹೊರಟುಹೋದ.

ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ. ಮರುದಿನ ಮಧ್ಯಾಹ್ನ ಕಿಟಕಿಯಲ್ಲಿ ಅದೇ ಯೂನಿಫಾರಂ!

"ನಿನ್ನೆ ಮಾತಾಡಿದ್ರೆ ಆತುರಕ್ಕೆ ಏನೋ ಅಂದ್ಬುಡ್ತಿದ್ದೆ. ಅದ್ಕೇ ಹೋದೆ."

"ಕೋಪ ಹೋಯ್ತಾ?"

"ಇಲ್ಲ. ಇಷ್ಟು ದಿನ ಮುಚ್ಚಿಟ್ಟಿದ್ಕೆ ಜಾಸ್ತಿನೇ ಐತೆ. ಆದ್ರೆ ಅವತ್ತು ನಿನ್ನ ಆತುರ ಮಾಡ್ಸಿದ್ದು ನಾನೇ ಅಲ್ವಾ... ಕೋಪ ಇಟ್ಕೊಂಡೇ ನಿನ್ ಜೊತೆ ಇರ್ತೀನಿ. ಬಿಟ್ಟು ಇರೋಕಾಗಲ್ಲ."

ಅವಳ ಕಣ್ಣು ತುಳುಕಿತು. "ಅವ್ವಂಗೆ...?"

"ಹೇಳ್ದೆ. 'ಅವ್ಳೇ ಬಂದು ನನ್ ಕಾಲು ನೋಡ್ಲಿ, ಆಮೇಲೆ ಲಗ್ನದ ಮಾತು ಆಡಾನ ಕಣ್ಲಾ' ಅಂದ್ಲು. ಗಾಡಿ ತಂದಿದೀನಿ. ಬರ್ತೀಯಾ?"

"ಬರ್ತೀನಿ... ಆದ್ರೆ ಇವತ್ತಿನ ಬೆರಕೆ ಪ್ಲೇಟುಗಳನ್ನ ಬೇರ್ಪಡಿಸಿ ಬೆಳೆಯೋಕೆ ಇಡ್ಬೇಕು ರಂಗ. ಎರಡು ಗಂಟೆ ಆಗುತ್ತೆ."

ಅವನು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು ಕೂತ.

"ನಿಧಾನಕ್ಕೆ ಮಾಡು ಕಣೇ. ಕಾಯ್ತೀನಿ."