ನಾಲ್ಕು ಗಡಿಗೆ ಒಂದೇ ಫಾರಂ

ಫೋರ್ಕ್‌ಲಿಫ್ಟ್ ಹೊತ್ತ ಮರದ ಪೆಟ್ಟಿಗೆ ನನ್ನ ಎದೆಯಿಂದ ಒಂದು ಗೇಣು ದೂರದಲ್ಲಿತ್ತು. ಬೆನ್ನಿಗೆ ಕಂಟೇನರ್.

"ಇನ್ನೊಂಚೂರು ಮುಂದೆ ತಗೋ," ಅಂದ ಸೆಂಟು.

ಸೆಂಟು ಅಂದರೆ ಈ ಲಾರಿ ಕಂಪನಿಯ ಮಾಲೀಕ. ಅವನಿಗಿಂತ ಮೊದಲು ಅವನ ಸೆಂಟಿನ ವಾಸನೆ ಬರುತ್ತದೆ. ಅವನು ಹೋದಮೇಲೂ ಅದು ಹೋಗುವುದಿಲ್ಲ.

ಆಪರೇಟರ್ ನನ್ನ ಮುಖ ನೋಡಿದ. ಯಂತ್ರ ಗುರುಗುಟ್ಟಿತು. ಪೆಟ್ಟಿಗೆ ಅಲುಗಲಿಲ್ಲ.

"ಗೇರ್ ಕಚ್ಕೊಂಡಿದೆ ಸಾರ್."

ಕಚ್ಚಿಕೊಂಡಿರಲಿಲ್ಲ. ನನಗೂ ಗೊತ್ತು, ಅವನಿಗೂ ಗೊತ್ತು.

ಸೆಂಟು ನನ್ನ ಕೈಲಿದ್ದ ಕಸ್ಟಮ್ಸ್ ಫಾರಮ್ಮಿನ ಪ್ರತಿಯ ಕಡೆ ಬೆರಳು ತೋರಿಸಿದ. "ಮೇಡಂ, ಆ ಕಾಗದ ಕೊಟ್ಟು ಹೋಗಿ. ಮೂರನೇ ಗಡೀಲಿ ಡ್ರೈವರ್ ಸೀಲ್ ಒಡೆದ, ಔಷಧಿ ಇಳಿಸಿದ, ಮರಳು ತುಂಬಿದ, ಹೊಸ ಸೀಲ್ ಹಾಕಿದ. ಮುಗೀತು."

ಡ್ರೈವರ್ ಲಾಕಪ್ಪಿನಲ್ಲಿದ್ದ. ಕಳೆದುಹೋದ ಸರಕು ಹುಡುಕುವುದು ನನ್ನ ಕಸುಬು; ಅವನ ಅಕ್ಕ ನನ್ನನ್ನು ಕಳಿಸಿದ್ದಳು. ಕೇಸು ಗಟ್ಟಿಯಾದರೆ ಅವನಿಗೆ ಹತ್ತು ವರ್ಷ.

"ನಿಮ್ಮ ಗುಮಾಸ್ತರು ಎಲ್ಲ ಗಡಿಯ ವಿವರಾನೂ ಮುಂಚೆನೇ ಬರೆದಿಡ್ತಾರಲ್ವಾ?"

"ಇಪ್ಪತ್ತು ವರ್ಷದಿಂದ. ಏನೀಗ?"

ನೋಡಿ... ಮೊದಲು ನಾಲ್ಕು ದೇಶಕ್ಕೆ ನಾಲ್ಕು ಫಾರಂ. ಮುಂಚೆ ಬರೆದರೂ ಗಡಿ ಬರುವ ತನಕ ಚೀಲದಲ್ಲೇ ಇರುತ್ತಿದ್ದವು. ಈಗ ಕಸ್ಟಮ್ಸ್‌ನವರು ಎಲ್ಲ ಸರಳ ಮಾಡಿದ್ದಾರೆ. ಕಂಪ್ಯೂಟರಿನಲ್ಲಿ ಒಂದೇ ಫಾರಂ. ಬಟನ್ ಒತ್ತಿದರೆ ನಾಲ್ಕೂ ದೇಶಕ್ಕೆ ಒಟ್ಟಿಗೆ ಹೋಗುತ್ತದೆ, ಗಂಟೆ ನಿಮಿಷದ ಸಮೇತ. ಅದು ಬೇಕೇ ಬೇಕು ಅಂತ ಸಭೆ ಸಭೆಯಲ್ಲಿ ಗಂಟಲು ಹರಿದುಕೊಂಡವನು ಇದೇ ಸೆಂಟು.

"ಓದಿ ಸಾರ್. 'ಮೂರನೇ ಗಡಿ, ಹೊಸ ಸೀಲ್', ಪಕ್ಕದಲ್ಲೇ ನಂಬರ್. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಳಿಸಿದ್ದಾರೆ. ಲಾರಿ ಇಲ್ಲಿಂದ ಹೊರಟಿದ್ದು ಹತ್ತಕ್ಕೆ."

ಸೆಂಟು ಓದಿದ. ಮತ್ತೆ ಓದಿದ. ಇಷ್ಟು ದೊಡ್ಡ ಕಳ್ಳ... ತನ್ನ ಫಾರಮ್ಮನ್ನೇ ಓದಿರಲಿಲ್ಲ!

"ಮರಳು ತುಂಬಿದ್ದು ಗಡೀಲಲ್ಲ. ಈ ಅಂಗಳದಲ್ಲಿ. ನೀವು ಆಮೇಲೆ ಬರೀಲಿ ಅಂತ ಕೊಟ್ಟ ಹೊಸ ಸೀಲಿನ ನಂಬರನ್ನ ಗುಮಾಸ್ತರು ಅಭ್ಯಾಸಬಲದಿಂದ ಅವತ್ತೇ ಬರೆದುಬಿಟ್ರು."

"ಹರಿದು ಹಾಕ್ತೀನಿ."

"ಹಾಕಿ. ಇನ್ನೂ ನಾಲ್ಕು ಕಡೆ ಇದೆ."

"ಮುಂದೆ ತಗೊಳ್ಳೋ!"

ಆಪರೇಟರ್ ಎಂಜಿನ್ ಆರಿಸಿದ. ಕೀಲಿ ಜೇಬಿಗೆ ಹಾಕಿಕೊಂಡ.

"ಡ್ರೈವರಣ್ಣ ನನ್ನ ಮಗಳ ಆಪರೇಷನ್‌ಗೆ ರಕ್ತ ಕೊಟ್ಟೋನು ಸಾರ್."

ಇಳಿದು ಬಂದು ನನ್ನ ಕೈ ಹಿಡಿದು ಈಚೆಗೆ ಕರೆದುಕೊಂಡ. ಪೆಟ್ಟಿಗೆಯ ಮೊಳೆಗೆ ಸಿಕ್ಕಿಕೊಂಡಿದ್ದ ಸೆರಗನ್ನೂ ಬಿಡಿಸಿಕೊಟ್ಟ.

ಮರುದಿನ ಡ್ರೈವರ್ ಅಕ್ಕನ ಮನೆ ಸೇರಿದ. ಸೆಂಟುವನ್ನು ತಮಗೆ ಒಪ್ಪಿಸಿ ಅಂತ ನಾಲ್ಕೂ ದೇಶದವರು ಕೇಳುತ್ತಿದ್ದಾರೆ. ನಾಲ್ಕು ಕೇಸು, ನಾಲ್ಕು ಕೋರ್ಟು, ನಾಲ್ಕು ಲಾಕಪ್ಪು.

ಪಾಪ... ಅದಕ್ಕಿನ್ನೂ ಒಂದೇ ಫಾರಂ ಬಂದಿಲ್ಲ.