ಹ್ಯಾಲಿಗನ್ ಬೋರ್‌ನಲ್ಲಿ ನಿಲ್ಲಬಾರದು

ಕಾರ್ಬಿಯಿಂದ ಸ್ಟ್ರೆಟನ್‌ಗೆ ನಾನೂರ ಹನ್ನೆರಡು ಕಿಲೋಮೀಟರ್. ನಡುವೆ ಇರುವುದು ಒಂದೇ ಒಂದು ತಂಗುದಾಣ, ಹ್ಯಾಲಿಗನ್ ಬೋರ್. ಕರೆಂಟಿನ ಕಾರೊಂದು ನಡುವೆ ಎಲ್ಲೂ ಚಾರ್ಜ್ ಮಾಡಿಕೊಳ್ಳದೆ, ಯಾರ ನೆರವೂ ಪಡೆಯದೆ ಸ್ಟ್ರೆಟನ್ ಪುರಸಭೆಯ ಗೇಟು ಮುಟ್ಟಿದರೆ ಹ್ಯಾಲಿಗನ್ ಬೋರ್‌ಗೆ ಚಾರ್ಜಿಂಗ್ ಸ್ಟೇಷನ್ ಇಲ್ಲ. ಮುಟ್ಟದಿದ್ದರೆ ಉಂಟು. ಜನವರಿಯ ನಡುಬೇಸಿಗೆಯ ಒಂದು ಬುಧವಾರ ಬೆಳಗ್ಗೆ ಹತ್ತಕ್ಕೆ, ನೆರಳಿನಲ್ಲೇ ನಲವತ್ತೊಂದು ಡಿಗ್ರಿ ಇದ್ದಾಗ, ಮೂವರು ಈ ಪರೀಕ್ಷೆಗೆ ಹೊರಟರು.

ಈ ನಿಯಮ ಬರೆದವನು ನೋಯಲ್ ಪ್ರಿಚರ್ಡ್, ರಾಜಧಾನಿಯ ಕಚೇರಿಯಲ್ಲಿ ಕೂತು ದಾರಿಗಳ ಭವಿಷ್ಯ ತೀರ್ಮಾನಿಸುವ ಅಧಿಕಾರಿ. ಐವತ್ತೆರಡರ ಭಾರಿ ಆಳು. ಮರುಭೂಮಿಯನ್ನು ಅವನು ಅಲ್ಲಿಯವರೆಗೆ ನಕ್ಷೆಯಲ್ಲಿ ಮಾತ್ರ ಕಂಡಿದ್ದ. ನಕ್ಷೆಯಲ್ಲಿ ನಾನೂರು ಕಿಲೋಮೀಟರ್ ಅಂದರೆ ಒಂದು ಗೇಣು. ಆ ಗೇಣಿನ ನಡುವೆ ಒಂದು ಸ್ಟೇಷನ್ ದಂಡ ಎಂದು ಅವನಿಗೆ ಮೊದಲೇ ಖಾತ್ರಿಯಾಗಿತ್ತು. ಪರೀಕ್ಷೆ ಬರೀ ಶಾಸ್ತ್ರಕ್ಕೆ.

ಅದಕ್ಕೇ ಅವನು ಡೆಸ್ ಕೊರಿಗನ್‌ನನ್ನು ಡ್ರೈವರಾಗಿ ಕರೆತಂದಿದ್ದ. ಡೆಸ್‌ಗೆ ಅರವತ್ತೊಂದು. ಬ್ಯಾಟರಿಯನ್ನು ಹಿಂಡಿ ಹಿಪ್ಪೆ ಮಾಡಿ ಓಡಿಸುವುದರಲ್ಲಿ ಅವನ ಸಮ ಇಲ್ಲ. ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವನೂ ಅವನೇ. ಇಪ್ಪತ್ತೆರಡು ಮರುಭೂಮಿ ದಾರಿಗಳನ್ನು ದಾಟಿದ್ದ. ಒಂದರಲ್ಲೂ ಸೋತಿರಲಿಲ್ಲ.

ಹಿಂದಿನ ಸೀಟಿನಲ್ಲಿ ನೋಟ್‌ಬುಕ್ ಹಿಡಿದು ಕೂತವಳು ಬ್ರಾನ್ವಿನ್ ಹೇಲ್. ಸ್ಟೇಷನ್ ಬೇಕು ಎಂದು ನಕ್ಷೆಯಲ್ಲಿ ಹ್ಯಾಲಿಗನ್ ಬೋರ್ ಮೇಲೆ ಕೆಂಪು ಚುಕ್ಕೆ ಇಟ್ಟ ಇಂಜಿನಿಯರ್. ಹೋದ ಜನವರಿಯಲ್ಲಿ ಅವಳು ಪ್ರಯಾಣಿಕರ ಸಹಾಯವಾಣಿಯಲ್ಲಿ ಕೆಲಸಕ್ಕಿದ್ದಳು. ಒಬ್ಬ ಮುದುಕ, ಅವನ ಹೆಂಡತಿ ಇದೇ ಹ್ಯಾಲಿಗನ್ ಬೋರ್‌ನಿಂದ ಫೋನ್ ಮಾಡಿದ್ದರು. ಇಲ್ಲಿ ಚಾರ್ಜರ್ ಇಲ್ಲ, ಕಾರು ಇನ್ನೂ ಇನ್ನೂರ ನಲವತ್ತು ಓಡುತ್ತೇನೆ ಅನ್ನುತ್ತಿದೆ, ಸ್ಟ್ರೆಟನ್‌ಗೆ ಇನ್ನೂರ ಇಪ್ಪತ್ತೆರಡು, ಹೋಗಬಹುದಾ? "ಆರಾಮಾಗಿ ಹೋಗಬಹುದು," ಎಂದಿದ್ದಳು ಬ್ರಾನ್ವಿನ್. ಸ್ಟ್ರೆಟನ್‌ಗೆ ಮೂವತ್ತೆಂಟು ಕಿಲೋಮೀಟರ್ ಇರುವಾಗ ಕಾರು ನಿಂತಿತು. ಇಬ್ಬರೂ ಕಾರು ಬಿಟ್ಟು ನಡೆದರು. ಮೂರನೆಯ ದಿನ ಹೆಣಗಳನ್ನು ಹುಡುಕಿ ತಂದವಳು ತಂಗುದಾಣದ ಒಡತಿ ಗ್ಲೆನಿಸ್. ಅವಳು ಅಂದಿನಿಂದ ಬ್ರಾನ್ವಿನ್ ಜೊತೆ ಒಂದು ಮಾತೂ ಆಡಿಲ್ಲ.

ಹಾಗಾಗಿ ಕಾರು ನಡುದಾರಿಯಲ್ಲಿ ನಿಲ್ಲಲಿ ಎಂಬುದೇ ಬ್ರಾನ್ವಿನ್‌ಳ ಆಸೆ. ನಿಂತರೆ ಬಿಸಿಲಿಗೆ ಬೀಳುವ ಮೂವರಲ್ಲಿ ಅವಳೂ ಒಬ್ಬಳು.

"ಏನಮ್ಮಾ ಇಂಜಿನಿಯರೇ, ಬೆಲ್ಟ್ ಹಾಕ್ಕೊಂಡ್ಯಾ?" ಡೆಸ್ ಕನ್ನಡಿಯಲ್ಲಿ ನೋಡಿ ಕೇಳಿದ. "ತಲುಪ್ತೀವಾ ಇಲ್ವಾ, ನೀನೇ ಹೇಳ್ಬಿಡು. ಇಂಥದ್ದಕ್ಕೆಲ್ಲ ಫೋನಲ್ಲೇ ಉತ್ತರ ಕೊಡ್ತಿದ್ಯಂತಲ್ಲ."

ನೋಯಲ್ ಕಿಸಕ್ಕನೆ ನಕ್ಕ. ಬ್ರಾನ್ವಿನ್ ತುಟಿ ಕಚ್ಚಿಕೊಂಡು ಬರೆದಳು: ಹತ್ತು ಗಂಟೆ ನಾಲ್ಕು ನಿಮಿಷ, ಬ್ಯಾಟರಿ ನೂರಕ್ಕೆ ನೂರು, ಎಸಿ ಚಾಲೂ.

ದಾರಿ ನೆಟ್ಟಗೆ ಹೊರಟಿತು. ಒಂದು ತಿರುವು ಬರಬೇಕಾದರೆ ತೊಂಬತ್ತು ಕಿಲೋಮೀಟರ್ ಕಾಯಬೇಕು. ಎರಡೂ ಕಡೆ ಕೆಂಪು ಮಣ್ಣು, ಮೊಣಕಾಲೆತ್ತರದ ಬೂದುಬಣ್ಣದ ಉಪ್ಪುಗಿಡಗಳು, ಆಗೀಗ ಒಂದು ಒಣಗಿದ ಮರ. ದಾರಿಯಂಚಿಗೆ ಲಾರಿಗಳು ಕಿತ್ತೊಗೆದ ಟೈರಿನ ಚಕ್ಕಳಗಳು, ಅವುಗಳ ನಡುವೆ ಉಬ್ಬಿ ಸತ್ತ ಕಾಂಗರೂಗಳು. ಹದ್ದುಗಳು ಊಟ ಬಿಟ್ಟೇಳಲು ಒಪ್ಪದೆ, ಕಾರು ತೀರ ಹತ್ತಿರ ಬಂದ ಮೇಲೆ ಒಲ್ಲದ ಮನಸ್ಸಿನಿಂದ ರೆಕ್ಕೆ ಬಿಚ್ಚುತ್ತಿದ್ದವು. ದೂರದಲ್ಲಿ ಸುಂಟರಗಾಳಿಯ ಧೂಳು ಕಂಬದಂತೆ ಎದ್ದು, ನಡೆದು, ಬೀಳುತ್ತಿತ್ತು. ನೀರಿನ ಸುಳಿವು ಎಲ್ಲೂ ಇರಲಿಲ್ಲ. ಡೆಸ್ ಬರಿಗಾಲಲ್ಲಿ ಪೆಡಲ್ ಒತ್ತುತ್ತಿದ್ದ. ವೇಗದ ಮುಳ್ಳು ಎಂಬತ್ತರಿಂದ ಕೂದಲೆಳೆಯಷ್ಟೂ ಅಲುಗಲಿಲ್ಲ. ಅವನ ಕೆಲಸ ಚೊಕ್ಕವಾಗಿತ್ತು ಎಂದು ಬ್ರಾನ್ವಿನ್ ಹೊಟ್ಟೆ ಉರಿದುಕೊಂಡೇ ಒಪ್ಪಿಕೊಂಡಳು.

ಹನ್ನೆರಡೂವರೆಗೆ ಹ್ಯಾಲಿಗನ್ ಬೋರ್ ಬಂತು. ತಗಡಿನ ಕಟ್ಟಡ, ಎರಡು ಡೀಸೆಲ್ ಪಂಪು, ಜನರೇಟರಿನ ಕೊಠಡಿ. ಗ್ಲೆನಿಸ್ ತಲೆಗೆ ಒದ್ದೆ ಟವೆಲ್ ಹಾಕಿಕೊಂಡು ದಾರಿಯಂಚಿಗೇ ಬಂದು ಕೈಕಟ್ಟಿ ನಿಂತಿದ್ದಳು. ಸ್ಟೇಷನ್ ಬರದಿದ್ದರೆ ತಿಂಗಳ ಕೊನೆಗೆ ಬಾಗಿಲು ಹಾಕುವುದಾಗಿ ಅವಳು ಆಗಲೇ ಬರೆದು ಕಳಿಸಿದ್ದಳು. ಅವಳೂ ಹೋದರೆ ಈ ದಾರಿಯಲ್ಲಿ ಒಂದು ಲೋಟ ನೀರು ಕೊಡುವವರೂ ಇರುವುದಿಲ್ಲ.

"ಇಲ್ಲಿ ನಿಲ್ಲೋ ಹಾಗಿಲ್ಲ," ಎಂದ ನೋಯಲ್. ಡೆಸ್ ಹಾರ್ನ್ ಬಾರಿಸಿ ಮುಂದೆ ಹೋದ. ನೋಯಲ್ ಕೈ ಬೀಸಿದ. ಗ್ಲೆನಿಸ್ ಬೀಸಲಿಲ್ಲ.

ಐವತ್ತೇಳು ಪ್ರತಿಶತ ಉಳಿದಿತ್ತು. ಲೆಕ್ಕದ ಪ್ರಕಾರ ಸಾಕು. ಆದರೆ ಮಧ್ಯಾಹ್ನ ಒಂದು ದಾಟುತ್ತಲೇ ಪೂರ್ವದ ಬಿಸಿಗಾಳಿ ಎದ್ದು ಕಾರಿನ ಮೂತಿಗೇ ಹೊಡೆಯಲು ಶುರುಮಾಡಿತು. ಬ್ಯಾಟರಿ ಸೋರಿದ ಕೊಡದಂತೆ ಇಳಿಯತೊಡಗಿತು. ಇನ್ನೂರ ತೊಂಬತ್ತನೆಯ ಕಿಲೋಮೀಟರಿನಲ್ಲಿ ಇಪ್ಪತ್ತೆಂಟೇ ಉಳಿಯಿತು.

"ಹೀಗೇ ಹೋದ್ರೆ ತಲುಪಲ್ಲ," ಡೆಸ್ ಮೊದಲ ಸಲ ಗಂಭೀರವಾಗಿ ಹೇಳಿದ.

"ಎಸಿ ಆರಿಸು," ಎಂದ ನೋಯಲ್.

"ಎಸಿ ಹಾಕಿರ್ಲೇಬೇಕು ಅಂತ ನಿಯಮದಲ್ಲಿ ನೀವೇ ಬರೆದಿದ್ದೀರಿ," ಎಂದಳು ಬ್ರಾನ್ವಿನ್.

"ಬರೆದವನು ನಾನು, ಸಡಿಲಿಸೋನೂ ನಾನೇ. ಅದನ್ನೆಲ್ಲ ಬರ್ಕೋಬೇಡ."

ಬ್ರಾನ್ವಿನ್ ಗಂಟೆ ಸಮೇತ ಬರೆದುಕೊಂಡಳು.

ಎಸಿ ಆರಿತು. ಕಿಟಕಿ ಇಳಿಸಿದರೆ ಗಾಳಿ ಕಾರನ್ನು ಹಿಡಿದೆಳೆಯುತ್ತದೆಂದು ಡೆಸ್ ಅದಕ್ಕೂ ಬಿಡಲಿಲ್ಲ. ಹೊರಗೆ ನಲವತ್ತಾರು, ಒಳಗೆ ಐವತ್ತು ದಾಟಿತು. ಸೀಟು ಬೆನ್ನನ್ನು ಸುಡುತ್ತಿತ್ತು. ನೀರು ಕುಡಿದಷ್ಟೂ ಬೆವರಾಗಿ ಹರಿದುಹೋಗುತ್ತಿತ್ತು. ನೋಯಲ್ ಮಾತ್ರ ತನ್ನ ಬಾಟಲಿ ಮುಟ್ಟದೆ, ಬ್ಯಾಟರಿಯ ಅಂಕಿಯನ್ನೇ ದಿಟ್ಟಿಸುತ್ತ ಖುಷಿಯಲ್ಲಿದ್ದ. ಅಂಕಿ ನಿಧಾನವಾಗಿ ಇಳಿಯುತ್ತಿತ್ತು. ತಾನು ಗೆದ್ದೆ ಎಂದು ಅವನಿಗೆ ಅನ್ನಿಸಿತ್ತು.

ನಲವತ್ತು ನಿಮಿಷದ ಮೇಲೆ ಅವನು ಇದ್ದಕ್ಕಿದ್ದಂತೆ ಕೇಳಿದ: "ಲಿಫ್ಟ್ ಯಾಕೆ ನಿಂತಿದೆ?"

"ಏನು?"

"ಬಾಗಿಲು ತೆಗೀರಿ. ನನಗೆ ಮೂರನೇ ಮಹಡೀಲಿ ಮೀಟಿಂಗ್ ಇದೆ."

ಡೆಸ್ ನಕ್ಕ. ಬ್ರಾನ್ವಿನ್ ನಗಲಿಲ್ಲ. ಮುಂದೆ ಬಾಗಿ ನೋಯಲ್‌ನ ಕತ್ತು ಮುಟ್ಟಿ ನೋಡಿದಳು. ಒಂದು ಹನಿ ಬೆವರಿಲ್ಲ. ಚರ್ಮ ಕೆಂಪಗೆ, ಒಣಗಿ ಕಾದಿತ್ತು.

"ಎಸಿ ಹಾಕು, ಡೆಸ್!"

"ಇರೋದು ಹದಿನಾರು. ಹೋಗ್ಬೇಕಾದ್ದು ಎಪ್ಪತ್ತೆರಡು. ಎಸಿ ಹಾಕಿದ್ರೆ ಹದಿನೈದು ಕಿಲೋಮೀಟರ್ ಮೊದಲೇ ಕೂತ್ಕೋತೀವಿ."

"ಹಾಕದಿದ್ರೆ ಹೆಣ ತಗೊಂಡು ತಲುಪ್ತೀವಿ. ಅದನ್ನೂ ನಿನ್ನ ಲೆಕ್ಕಕ್ಕೆ ಸೇರಿಸ್ಕೋ. ಇಪ್ಪತ್ತಮೂರನೇದು!"

ಡೆಸ್ ಎಸಿ ಹಾಕಿದ.

ಬ್ರಾನ್ವಿನ್ ಸ್ಯಾಟಲೈಟ್ ಫೋನಿನಲ್ಲಿ ಸ್ಟ್ರೆಟನ್ ಆಸ್ಪತ್ರೆಗೆ ಕರೆ ಮಾಡಿದಳು. ಇದ್ದ ಒಂದೇ ಆಂಬುಲೆನ್ಸು ದಕ್ಷಿಣದ ಗಣಿಯ ಕಡೆ ಹೋಗಿದೆ, ಮೂರು ಗಂಟೆ ಆಗುತ್ತದೆ, ತಣ್ಣಗಿಟ್ಟು ನೀವೇ ಕರೆತನ್ನಿ ಎಂದಳು ನರ್ಸು. ಬ್ರಾನ್ವಿನ್ ತನ್ನ ಅಂಗಿ ಕಳಚಿ ನೀರಲ್ಲಿ ನೆನೆಸಿ ನೋಯಲ್‌ನ ಕತ್ತಿಗೆ ಸುತ್ತಿದಳು. ಕಂಕುಳಿಗೆ ಒದ್ದೆ ಬಟ್ಟೆ ತುರುಕಿದಳು.

ಒಂದು ಗಳಿಗೆ, ಒಂದೇ ಗಳಿಗೆ, ಅವಳಿಗೆ ಅನ್ನಿಸಿತು: ನಿಲ್ಲಲಿ. ಕಾರು ಇಲ್ಲೇ ನಿಲ್ಲಲಿ. ಇವನು ಬರೆದ ನಿಯಮವೇ ಇವನನ್ನು ತಿನ್ನಲಿ. ಮರುಕ್ಷಣ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಹಿಂದೆ ನೋಡು," ಎಂದ ಡೆಸ್.

ಹಿಂದಿನಿಂದ ಒಂದು ರೋಡ್ ಟ್ರೇನ್ ಬರುತ್ತಿತ್ತು. ಒಂದೇ ಲಾರಿಯ ಹಿಂದೆ ಮೂರು ಟ್ರೇಲರ್, ಐವತ್ತು ಮೀಟರ್ ಉದ್ದ. ಬ್ರಾನ್ವಿನ್ ಲಾರಿಗಳವರ ಜೊತೆ ಮಾತಾಡಲು ಕಾರಿನಲ್ಲಿದ್ದ ರೇಡಿಯೊ ಎತ್ತಿಕೊಂಡಳು.

"ಹಿಂದೆ ಬರ್ತಿರೋ ಲಾರಿ, ಕೇಳಿಸ್ತಿದೆಯಾ? ನಮ್ಮಲ್ಲೊಬ್ಬರಿಗೆ ಬಿಸಿಲು ಬಡಿದಿದೆ. ನೀವು ಮುಂದೆ ಹೋಗಿ. ನಿಮ್ಮ ಮರೆಯಲ್ಲಿ ನಾವು ಸ್ಟ್ರೆಟನ್‌ವರೆಗೆ ಬರ್ತೀವಿ. ಎದುರುಗಾಳಿಗೆ ನಮ್ಮ ಬ್ಯಾಟರಿ ತಡೀತಾ ಇಲ್ಲ."

ರೇಡಿಯೊ ಗೊರಗೊರ ಎಂದಿತು. ಆಮೇಲೆ ಹೆಂಗಸಿನ ಗಡಸು ದನಿ. "ಟ್ರಿಶ್ ಮಾತಾಡ್ತಿರೋದು. ಏನು, ಆ ವಾಷಿಂಗ್ ಮೆಷೀನ್ ಗಾಡೀಲಿ ನನ್ನ ಸೆರಗು ಹಿಡ್ಕೊಂಡು ಬರ್ತೀಯಾ?"

"ಹೂಂ."

"ಓಡಿಸ್ತಿರೋನ್ಯಾರು?"

"ಡೆಸ್ ಕೊರಿಗನ್."

ರೇಡಿಯೊದಲ್ಲಿ ನಗು ಕೇಳಿಸಿತು. "ಯಾರ ಹಂಗೂ ಬೇಡ ಅಂತಿದ್ದ ಡೆಸ್ಸಾ? ಅಯ್ಯೋ ಪಾಪ! ಬಾ ಮರಿ, ಹಿಂದೇನೇ ಬಾ. ಎಂಬತ್ತೈದಕ್ಕೆ ಇಟ್ಕೋತೀನಿ. ಬ್ರೇಕ್ ಹಾಕೋಕೆ ಮುಂಚೆ ಹೇಳ್ತೀನಿ, ಕಿವಿ ತೆರೆದಿಟ್ಟಿರು."

ಡೆಸ್‌ನ ಕಿವಿ ಕೆಂಪಾದವು.

ಲಾರಿ ಗುಡುಗುತ್ತ ದಾಟಿ ಮುಂದೆ ಬಂತು. ಡೆಸ್ ಅದರ ಬೆನ್ನಿಗೆ ಅಂಟಿದ. ಹದಿನೈದು ಮೀಟರ್. ಹತ್ತು ಮೀಟರ್. ಗಾಳಿಯ ಸದ್ದು ಕತ್ತರಿಸಿದ ಹಾಗೆ ನಿಂತುಹೋಯಿತು.

ಕಣ್ಣಮುಂದೆ ತಗಡಿನ ಗೋಡೆ, ಧೂಳು, ಇನ್ನೇನೂ ಇಲ್ಲ. ದಾರಿ ಕಾಣದು. ಒಂದು ಕಲ್ಲು ಸಿಡಿದು ಗಾಜಿಗೆ ಬಡಿಯಿತು. ಗಾಜು ಮೂಲೆಯಿಂದ ಮೂಲೆಗೆ ಬಿರಿಯಿತು.

"ನೀರು ಕುಡಿಸ್ತಿದ್ದೀಯಾ?"

"ನುಂಗ್ತಿಲ್ಲ."

"ತುಟಿಗಾದ್ರೂ ಸವರು!"

ಹನ್ನೊಂದು ಪ್ರತಿಶತ. ಹತ್ತು. ನೋಯಲ್‌ನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಬ್ರಾನ್ವಿನ್ ಅವನ ಕೆನ್ನೆಗೆ ಛಟೀರನೆ ಬಾರಿಸಿದಳು. ಅವನು ನರಳಿದ. ಹೊಡೆದದ್ದರಲ್ಲಿ ಒಂದಿಷ್ಟು ಸಮಾಧಾನ ಸಿಕ್ಕಿತೆಂಬುದನ್ನು ಅವಳು ಆಮೇಲೆ ಯಾರ ಹತ್ತಿರವೂ ಮುಚ್ಚಿಡಲಿಲ್ಲ.

"ಹೋರಿ!" ರೇಡಿಯೊ ಕಿರುಚಿತು. "ನಡುದಾರೀಲಿ! ನನ್ನ ಕೈಲಿ ನಿಲ್ಸೋಕಾಗಲ್ಲ, ಗುದ್ದುತ್ತೀನಿ. ನೀವು ಬಲಕ್ಕೆ! ಬಲಕ್ಕೆ!"

ಡೆಸ್ ಸ್ಟೇರಿಂಗ್ ಎಳೆದ. ಕಾರು ಡಾಂಬರು ಬಿಟ್ಟು ಜಲ್ಲಿಗೆ ಇಳಿಯಿತು. ಹಿಂಬದಿ ಜಾರಿತು. ಎಡಕ್ಕೆ ದೊಪ್ಪನೆ ಸದ್ದು. ಮಾಂಸ, ರಕ್ತ, ಮುರಿದ ಕೊಂಬು ಗಾಜಿನ ಪಕ್ಕ ಹಾರಿಹೋದವು. ಬರಿಗಾಲು ಪೆಡಲ್ ಬಿಟ್ಟಿತು, ಮತ್ತೆ ಮೆಲ್ಲಗೆ ಒತ್ತಿತು. ಕಾರು ತಡವರಿಸಿ ಡಾಂಬರಿಗೆ ಹತ್ತಿತು.

"ಬದುಕಿದ್ದೀರಾ?" ಟ್ರಿಶ್ ಕೇಳಿದಳು.

"ಬದುಕಿದ್ದೀವಿ," ಎಂದ ಡೆಸ್. "ಸ್ವಲ್ಪ ನಿಧಾನಿಸು ತಾಯಿ, ಮತ್ತೆ ನಿನ್ನ ಹಿಂದೆ ಬರ್ತೀನಿ."

ಮುದುಕ ಮುದುಕಿಯ ಕಾರು ನಿಂತಿದ್ದ ಜಾಗ ಯಾವಾಗ ದಾಟಿತೋ ಬ್ರಾನ್ವಿನ್‌ಗೆ ತಿಳಿಯಲಿಲ್ಲ. ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಅವಳು ನೋಯಲ್‌ನ ನಾಡಿ ಎಣಿಸುತ್ತಿದ್ದಳು.

ಮೂರು ಗಂಟೆ ಹದಿನೆಂಟು ನಿಮಿಷಕ್ಕೆ ಕಾರು ಸ್ಟ್ರೆಟನ್ ಪುರಸಭೆಯ ಗೇಟು ದಾಟಿ ಪಕ್ಕದ ಆಸ್ಪತ್ರೆಯ ಮುಂದೆ ನಿಂತಿತು. ಬ್ಯಾಟರಿಯಲ್ಲಿ ಮೂರು ಪ್ರತಿಶತ ಉಳಿದಿತ್ತು.

ಮಾರನೆಯ ದಿನ ಮಧ್ಯಾಹ್ನ ನೋಯಲ್ ಕಣ್ಣು ಬಿಟ್ಟ. ಕೈಗೆ ಡ್ರಿಪ್, ತುಟಿ ಒಡೆದಿತ್ತು. ಮೊದಲು ಕೇಳಿದ್ದು, "ಎಷ್ಟು ಉಳೀತು?"

"ಮೂರು," ಎಂದಳು ಬ್ರಾನ್ವಿನ್.

ಒಡೆದ ತುಟಿಯಲ್ಲೇ ಅವನು ನಕ್ಕ. "ಹಾಗಾದ್ರೆ ತಲುಪಿತು. ಹ್ಯಾಲಿಗನ್ ಬೋರ್ ತೆಗೆದುಹಾಕು. ಫಾರಂ ಕೊಡು, ಡೆಸ್ ಸಹಿ ಮಾಡ್ಲಿ."

ಬ್ರಾನ್ವಿನ್‌ಗೆ ಅಳು ಬಂತು. ಸಾಯುವವನನ್ನು ಬದುಕಿಸಿದ್ದೇ ತಪ್ಪಾಯಿತೇ ಎನ್ನುವಷ್ಟು ಸಿಟ್ಟು ಬಂತು. ಫಾರಂ ಮಂಚದ ಪಕ್ಕ ಕೂತಿದ್ದ ಡೆಸ್‌ನ ಕೈಗೆ ಹೋಯಿತು. ಹೊರಗಿನ ನೆರವು ಪಡೆಯಲಾಯಿತೇ ಎಂಬ ಪ್ರಶ್ನೆಯ ಮುಂದೆ ಎರಡು ಚೌಕಗಳಿದ್ದವು.

"ಇಲ್ಲ ಅನ್ನೋ ಕಡೆ ಗುರುತು ಹಾಕು," ಎಂದ ನೋಯಲ್. "ಇಪ್ಪತ್ತಮೂರನೇ ಗೆಲುವು."

ಡೆಸ್ ಪೆನ್ನಿನ ಮುಚ್ಚಳ ತೆಗೆದ.

"ಒಂದು ಲಾರಿಯ ಹಿಂದೆ ಬಾಲದ ಹಾಗೆ ಬಂದು, ಈ ದಾರೀನ ನಾನು ದಾಟಿದೆ ಅಂತ ಬರ್ಕೊಳ್ಳೋ ಅಷ್ಟು ಗತಿಗೆಟ್ಟಿಲ್ಲ ನೋಯಲ್, ನಾನು," ಎಂದ. "ದಾಟಿದ್ದು ಟ್ರಿಶ್. ನಾನು ಸೋತೆ."

ಹೌದು ಎಂಬ ಚೌಕಕ್ಕೆ ಗುರುತು ಹಾಕಿ, ಕೆಳಗೆ ಸಹಿ ಮಾಡಿ, ತಿರುಗಿ ನೋಡದೆ ಹೊರಗೆ ಹೋದ. ಅದು ಒಳ್ಳೆಯತನವೇನಲ್ಲ, ಬರೀ ಜಂಬ. ಆ ಜಂಬಕ್ಕೆ ಬ್ರಾನ್ವಿನ್ ಮನಸಾರೆ ಕೈ ಮುಗಿದಳು.

ನೋಯಲ್‌ನನ್ನು ವಿಮಾನದಲ್ಲಿ ರಾಜಧಾನಿಗೆ ಸಾಗಿಸಿದರು. ಶನಿವಾರ ಕಾರನ್ನು ಟ್ರಿಶ್‌ಳ ಖಾಲಿ ಟ್ರೇಲರಿನ ಮೇಲೆ ಕಟ್ಟಿ, ಅವಳ ಪಕ್ಕ ಬ್ರಾನ್ವಿನ್, ಡೆಸ್ ಇಬ್ಬರೂ ಕೂತು ವಾಪಸು ಹೊರಟರು. ದಾರಿಯುದ್ದಕ್ಕೂ ಟ್ರಿಶ್ ಡೆಸ್‌ನನ್ನು ಗೋಳು ಹೊಯ್ದುಕೊಂಡಳು. ಹ್ಯಾಲಿಗನ್ ಬೋರ್‌ನಲ್ಲಿ ಲಾರಿ ನಿಂತಿತು. ಗ್ಲೆನಿಸ್ ಹೊರಗೆ ಬಂದಳು.

"ಪರೀಕ್ಷೆ ಫೇಲು," ಎಂದ ಡೆಸ್, ನೆಲ ನೋಡುತ್ತ. "ನಿನಗೆ ಸ್ಟೇಷನ್ ಬರುತ್ತೆ."

"ಯಾರಾದ್ರೂ ಸತ್ರಾ?"

"ಇಲ್ಲ. ಸ್ವಲ್ಪದರಲ್ಲಿ ಉಳ್ಕೊಂಡ."

"ಆಫೀಸಿನವನಾ?"

"ಹೂಂ."

"ಅದಕ್ಕೇ ಇಷ್ಟು ಬೇಗ ಆಯ್ತು," ಎಂದಳು ಗ್ಲೆನಿಸ್.

ಬ್ರಾನ್ವಿನ್ ಅಳತೆ ಟೇಪು, ಬಿಳಿ ಪೇಂಟಿನ ಡಬ್ಬ ತೆಗೆದುಕೊಂಡು ಜನರೇಟರ್ ಕೊಠಡಿಯ ಪಕ್ಕಕ್ಕೆ ನಡೆದಳು. ಮಧ್ಯಾಹ್ನದ ನೆರಳು ಬೀಳುವ ಜಾಗ ನೋಡಿ, ಮಂಡಿಯೂರಿ ಕೂತು ಚಾರ್ಜರ್ ಮುಂದೆ ಒಂದು ಕಾರು ನಿಲ್ಲುವಷ್ಟು ಚೌಕ ಬರೆದಳು. ಟೇಪಿನ ಇನ್ನೊಂದು ತುದಿಯನ್ನು ಡೆಸ್ ಹಿಡಿದುಕೊಂಡ. ಮುಗಿಸಿ ತಲೆಯೆತ್ತಿದಾಗ ಗ್ಲೆನಿಸ್ ಎದುರಿಗೇ ನಿಂತಿದ್ದಳು.

"ಎರಡು ಬರಿ," ಎಂದಳು. ಒಂದು ವರ್ಷದ ಮೇಲೆ ಅವಳು ಬ್ರಾನ್ವಿನ್ ಜೊತೆ ಆಡಿದ ಮೊದಲ ಮಾತು.

"ಮಂಜೂರಾಗೋದು ಒಂದೇ, ಗ್ಲೆನಿಸ್."

"ಅದೊಂದು ಕೆಟ್ಟು ಕೂತ ದಿನ ಬಂದೋರು ಏನ್ ಮಾಡ್ಬೇಕು? ನಿನಗೆ ಫೋನ್ ಮಾಡಿ ಕೇಳ್ಬೇಕಾ?"

ಎರಡನೆಯದಕ್ಕೆ ರಾಜಧಾನಿಯಲ್ಲಿ ಇನ್ನೊಂದು ದೊಡ್ಡ ಜಗಳ ಆಡಬೇಕು. ಆಡಿದರಾಯಿತು ಎಂದುಕೊಂಡಳು ಬ್ರಾನ್ವಿನ್. ಟೇಪನ್ನು ಪಕ್ಕಕ್ಕೆ ಸರಿಸಿ, ಕಾದ ನೆಲದ ಮೇಲೆ ಮತ್ತೆ ಮಂಡಿಯೂರಿ ಎರಡನೆಯ ಚೌಕ ಶುರುಮಾಡಿದಳು.

ಗ್ಲೆನಿಸ್ ನಾಲ್ಕನೆಯ ಗೆರೆ ಕೂಡುವವರೆಗೂ ಅಲ್ಲೇ ನಿಂತು ನೋಡಿದಳು.

"ಒಳಗೆ ಬಾ," ಎಂದಳು ಆಮೇಲೆ. "ಬಿಸಿಲಲ್ಲಿ ಕೂತು ನೀನೂ ಸಾಯ್ಬೇಡ. ಇನ್ನೊಂದು ಹೆಣ ಹೊರೋಕೆ ನನ್ನ ಕೈಲಾಗಲ್ಲ."