ಕೀಬೋರ್ಡಿಗೆ ಸುರಿದ ಮೀನಿನ ನೀರು

ತಾರಾನಾಥರ ಕೀಬೋರ್ಡಿನ ಮೇಲೆ ಯಾರೋ ಮೀನು ತೊಳೆದ ನೀರು ಸುರಿದಿದ್ದರು. ಕೀಲಿಗಳ ಸಂದಿಯಲ್ಲಿ ಬಂಗುಡೆಯ ಕರುಳು ಸಿಕ್ಕಿಕೊಂಡಿತ್ತು. ನೊಣಗಳು ಆಗಲೇ ಬಂದಿದ್ದವು. ಆ ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ಮೀನು ತೊಳೆದವಳು ನಾನು, ಮನೆಗೆಲಸದ ಬಾಗಿ.

"ಎಂತ ಮಾಡಿದೆ ಮಾರಾಯ್ತಿ! ಮೂರು ತಿಂಗಳ ಕೆಲಸ ನನ್ನದು!" ವಾಕಿಂಗ್ ಮುಗಿಸಿ ಬಂದ ತಾರಾನಾಥರು ಕೂಗಿದರು.

ಅದು ಇಪ್ಪತ್ತೈದು ವರ್ಷ ಹಳೆಯ ಕೀಬೋರ್ಡ್. ವಯರಿನ ತುದಿಗೆ ಐದು ಸೂಜಿಗಳ ದುಂಡು ಪ್ಲಗ್. ಈಗಿನ ಲ್ಯಾಪ್‌ಟಾಪಿಗೆ ಹೊಂದುವುದಿಲ್ಲ. ನಿವೃತ್ತರಾದ ಮೇಲೆ ತಾರಾನಾಥರು ಮೂರು ತಿಂಗಳು ಕೂತು ಒಂದು ಚಿಕ್ಕ ಸರ್ಕ್ಯೂಟ್ ಕಟ್ಟಿ, ತಗಡಿನ ಡಬ್ಬಿಯಲ್ಲಿಟ್ಟು ಸ್ಕ್ರೂ ಬಿಗಿದು, ಅದನ್ನು ಯುಎಸ್‌ಬಿಗೆ ಒಗ್ಗಿಸಿದ್ದರು. ಡಬ್ಬಿ ಲ್ಯಾಪ್‌ಟಾಪಿನ ಬೆನ್ನಿಗೇ ಅಂಟಿತ್ತು; ಕೀಬೋರ್ಡಿನ ದುಂಡು ಪ್ಲಗ್ ಅದಕ್ಕೆ ಸಿಕ್ಕಿಸುವುದು.

"ನಾನು ನೋಡಿದೆ ಮಾವ," ಎಂದ ಶೈಲೇಶ್. ಅವನು ತಾರಾನಾಥರ ಹೆಂಡತಿ ಜಯಲತಾರ ಅಣ್ಣನ ಮಗ, ಅಲ್ಲೇ ಇದ್ದು ಕಾಲೇಜಿಗೆ ಹೋಗುವವನು, ಮಾತು ಅರ್ಧ ಹಿಂದಿ. "ಬಾಗಿ ಬಾಲ್ಟಿ ಹಿಡ್ಕೊಂಡು ಬಾಲ್ಕನಿಗೆ ಹೋಗ್ತಿದ್ಳು, ಗಿರ್ ಗಯೀ, ಬಿದ್ದುಬಿಡ್ತು. ಅಂದರ್ ಕಾ ಸರ್ಕ್ಯೂಟ್ ಸುಟ್ಟೋಯ್ತು."

ಮೀನಿನ ನೀರನ್ನು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಹಾಕುವುದು ಆ ಮನೆಯ ರೂಢಿ. ನಾನು ಬಕೆಟನ್ನು ಕುಂಡದ ಬಳಿ ಇಟ್ಟಿದ್ದೆ, ಅಷ್ಟೇ. ಅದನ್ನು ಹೇಳಹೊರಟರೆ ತಾರಾನಾಥರು ಕೈಯೆತ್ತಿ ತಡೆದರು.

"ನಾಳೆಯಿಂದ ಬರಬೇಡ. ಈ ಬಿಲ್ಡಿಂಗಿನಲ್ಲಿ ಯಾರೂ ನಿನ್ನನ್ನು ಇಟ್ಟುಕೊಳ್ಳದ ಹಾಗೆ ಮಾಡ್ತೇನೆ," ಎಂದರು ತಾರಾನಾಥರು. ನಾಲ್ಕು ಮನೆಯ ಕೆಲಸದಿಂದ ನನ್ನ ಹೊಟ್ಟೆ ತುಂಬುತ್ತಿತ್ತು.

ನಾನು ಎರಡನೇ ಮಹಡಿಗೆ ಇಳಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ ಶ್ರೀಮತಿಯಕ್ಕನ ಜೊತೆ ನನ್ನ ವಾಸ. ನೆರೂಳದ ಆ ಕಟ್ಟಡದಲ್ಲಿ ಏನು ಕಳುವಾದರೂ ಜನ ಪೊಲೀಸರಿಗಿಂತ ಮೊದಲು ಅಕ್ಕನ ಬಾಗಿಲು ತಟ್ಟುತ್ತಿದ್ದರು.

"ಅಳುವುದು ಆಮೇಲೆ. ನೆಲ ಹೇಗಿತ್ತು?" ಎಂದರು ಅಕ್ಕ, ನಡೆದದ್ದನ್ನು ಕೇಳಿ.

"ಒಣಗಿತ್ತು. ಲ್ಯಾಪ್‌ಟಾಪೂ ಒದ್ದೆಯಾಗಿರಲಿಲ್ಲ."

"ಡಬ್ಬಿ ಯಾರಾದರೂ ಬಿಚ್ಚಿದರಾ?"

"ಇಲ್ಲ ಅಕ್ಕ."

ಊಟದ ಹೊತ್ತು ಕಳೆದ ಮೇಲೆ ಅಕ್ಕ ತಾರಾನಾಥರ ಮನೆಗೆ ಹತ್ತಿ, ಎಲ್ಲರನ್ನೂ ಕೀಬೋರ್ಡಿದ್ದ ಮೇಜಿನ ಸುತ್ತ ಕೂರಿಸಿದರು. ನಾತಕ್ಕೆ ಜಯಲತಾ ಸೆರಗು ಮೂಗಿಗೆ ಹಿಡಿದಿದ್ದರು. ಅಕ್ಕ ಡಬ್ಬಿಯ ಸ್ಕ್ರೂ ಬಿಚ್ಚಿದರು. ಒಳಗೆ ಒಂದು ಹನಿ ನೀರಿಲ್ಲ, ಆದರೆ ಸರ್ಕ್ಯೂಟ್ ಕಪ್ಪಾಗಿತ್ತು. ದುಂಡು ಪ್ಲಗ್ ಎಳೆದರು. ಎರಡು ಸೂಜಿ ಬಾಗಿದ್ದವು.

"ಬೆಳಿಗ್ಗೆ ಟೈಪ್ ಮಾಡಿದಿರಾ, ತಾರಾನಾಥರೇ?"

"ಏಳು ಗಂಟೆಗೆ. ಸರಿ ಇತ್ತು."

"ಹಾಗಾದರೆ ನೀವು ಹೊರಗೆ ಹೋದ ಮೇಲೆ ಯಾರೋ ಪ್ಲಗ್ ಕಿತ್ತು, ವಾಪಸ್ ಹಾಕುವಾಗ ಗುರುತು ನೋಡದೆ ತುರುಕಿದ್ದಾರೆ. ಸೂಜಿ ತಪ್ಪು ಜಾಗಕ್ಕೆ ತಾಗಿ ಸರ್ಕ್ಯೂಟ್ ಸುಟ್ಟಿದೆ. ಇಂಥ ಪ್ಲಗ್ಗನ್ನು ಮಶೀನ್ ಆಫ್ ಮಾಡದೆ ಮುಟ್ಟಬಾರದೆಂದು ನಮ್ಮ ಕಾಲದವರಿಗೆ ಗೊತ್ತು. ಪೆನ್‌ಡ್ರೈವ್ ಎಳೆದು ಚುಚ್ಚಿ ಬೆಳೆದವರಿಗೆ ಗೊತ್ತಿಲ್ಲ. ನೀರು ಸುರಿದದ್ದು ಆಮೇಲೆ, ತಪ್ಪು ಮುಚ್ಚಲಿಕ್ಕೆ. ಬಕೆಟ್ ಬಿದ್ದಿದ್ದರೆ ನೆಲ ಒಣಗಿರುತ್ತಿತ್ತಾ?" ಅಕ್ಕ ಶೈಲೇಶನತ್ತ ತಿರುಗಿದರು. "ಈ ಡಬ್ಬಿ ತೆರೆದದ್ದು ಈಗ. ಒಳಗೆ ಸುಟ್ಟದ್ದು ನಿನಗೆ ಬೆಳಿಗ್ಗೆಯೇ ಹೇಗೆ ಗೊತ್ತಾಯಿತು ಮಗಾ?"

ಅವನು ಮೊದಲು ನಕ್ಕ. ಆಮೇಲೆ ತಲೆ ಕೆರೆದುಕೊಂಡ. "ಪಿಕ್ಚರ್ ನೋಡೋಕೆ ಲ್ಯಾಪ್‌ಟಾಪ್ ಬೆಡ್ ಮೇಲೆ ತಗೊಂಡೆ, ಅಷ್ಟೇ. ಪ್ಲಗ್ ವಾಪಸ್ ಲಗಾಯಾ, ಹೊಗೆ ಬಂತು. ಬಾಗಿಗೆ ಏನು, ದೂಸ್ರಾ ಮನೆ ಸಿಗ್ತದೆ."

"ಛೀ! ಆ ಕರುಳನ್ನು ಕೈಯಲ್ಲಿ ಎತ್ತಿ ಹಾಕಿದ್ಯಾ?" ಎಂದರು ಜಯಲತಾ.

"ಚಮಚದಲ್ಲಿ, ಅತ್ತೆ."

"ಯಾವ ಚಮಚ?"

ಅವನು ಊಟದ ಮೇಜಿನ ಕಡೆ ನೋಡಿದ. ಸಾರಿನ ಪಾತ್ರೆಯಲ್ಲಿ ಚಮಚ ಇನ್ನೂ ನಿಂತಿತ್ತು. ಜಯಲತಾ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದರು.

ತಾರಾನಾಥರು ಗಂಟಲು ಸರಿಮಾಡಿಕೊಂಡರು. "ಹೋಗ್ಲಿ, ಹುಡುಗಬುದ್ಧಿ. ಬಾಗಿ, ನಾಳೆ ಎಂದಿನ ಹಾಗೆ ಬಾ. ಈಗ ಒಂದು ಬಟ್ಟೆ ತಂದು ಇದನ್ನು ಒರೆಸು, ಗಬ್ಬು ನಾತ."

ಬೆಳಿಗ್ಗೆಯಿಂದ ಆ ನಾತ ಸಹಿಸಿದ್ದೆ. ಈಗ ಬಟ್ಟೆ ತರಲು ಏಳಲಿಲ್ಲ.

"ಅಳಿಯನ ಕೈಯಲ್ಲಿ ಒರೆಸಿಸಿ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನಾಳೆ ನಾನು ಬರುವುದಿಲ್ಲ. ಯಾಕೆಂದು ಬಿಲ್ಡಿಂಗಿನವರು ಕೇಳಿದರೆ ನೀವೇ ಹೇಳಿ."

"ಅವರು ಹೇಳದಿದ್ದರೆ ನಾನು ಹೇಳ್ತೇನೆ," ಎಂದು ಶ್ರೀಮತಿಯಕ್ಕ ಸ್ಕ್ರೂಡ್ರೈವರನ್ನು ಶೈಲೇಶನ ಅಂಗೈಯಲ್ಲಿಟ್ಟು ಎದ್ದರು.